ಬೀಗರು ಬಂದರು, ಬಿಂದಿಗೆ ಬಚ್ಚಿಡಿ

ಚಿತ್ರದುರ್ಗ
ಆನಂದ ಸಂವತ್ಸರದ ಆಷಾಢ ಶುದ್ಧ ದಶಮಿ, ಶುಕ್ರವಾರ

ಅನ್ನಪೂರ್ಣಕ್ಕನ ಪಾದಗಳಿಗೆ ತಮ್ಮ ಮುರುಗೇಶಪ್ಪ ಮಾಡುವ ಶರಣು.

ಗುರುವಿನ ದಯದಿಂದ ಇಲ್ಲಿ ನಾವೆಲ್ಲ ಸೌಖ್ಯ. ಅಪ್ಪ ಚೆನ್ನಾಗಿಯೇ ಉಣ್ಣುತ್ತಾರೆ, ಚೆನ್ನಾಗಿಯೇ ಬೈಯುತ್ತಾರೆ. ಅದರ ಮೇಲೆ ಅವರ ಆರೋಗ್ಯವನ್ನು ನೀನೇ ತಿಳಿದುಕೊ. ಹೊಸದುರ್ಗದಲ್ಲಿ ನೀನು, ಭಾವನವರು, ಮಕ್ಕಳು ಹೇಗಿದ್ದೀರಿ? ಭಾವನವರ ಕೊಬ್ಬರಿ ವ್ಯಾಪಾರ ಈ ಸಲ ಕೈ ಹಿಡಿಯಿತೆಂದು ಕೇಳಿ ಸಂತೋಷವಾಯಿತು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ಪಾಠದ ಹುಡುಗರ ಗಲಾಟೆಯಲ್ಲಿ ಪುರಸೊತ್ತಾಗಲಿಲ್ಲ ಎಂದು ಬರೆಯಬಹುದಿತ್ತು. ಆದರೆ ನಿನ್ನ ಹತ್ತಿರ ನನ್ನ ಸುಳ್ಳು ಯಾವತ್ತು ನಡೆದಿದೆ? ನಿನ್ನ ಕಾಗದದ ತುಂಬ ನಿನ್ನ ಕಿರಿಯ ತಮ್ಮ ಜಂಬಣ್ಣನೇ ಇದ್ದ. ಅವನು ಹಾಲುರಾಮೇಶ್ವರದಲ್ಲಿ ಹಾಡಿದ್ದು, ಜನ ಎದ್ದು ಹೋಗಲಿಲ್ಲವೆಂಬುದು, ನಿನ್ನ ಓರಗಿತ್ತಿ ಅವನಿಗೆ ಹೋಳಿಗೆ ಮಾಡಿ ಬಡಿಸಿದ್ದು, ಅವನು ಬಡವಾಗಿದ್ದಾನೆ ಎಂಬ ನಿನ್ನ ಸಂಕಟ. ಕೊನೆಗೆ ಜಾಗ ಉಳಿಯಿತೆಂದು ‘ನೀನೂ ಮೈ ಕಡೆ ನೋಡಿಕೊ’ ಎಂದು ಒಂದು ಸಾಲು. ಓದಿ, ಮಡಿಸಿ, ಗೂಡಿನಲ್ಲಿಟ್ಟು ಸುಮ್ಮನಾದೆ.

ಈ ಕಾಗದವನ್ನು ನೀನೇ ಓದಿಕೊ. ಭಾವನವರ ಕೈಗೆ ಕೊಡಬೇಡ. ಅವರು ಅಂಗಡಿ ಜಗಲಿಯಲ್ಲಿ ಕೂತು ಬೀದಿಗೆಲ್ಲ ಕೇಳುವಂತೆ ಓದುತ್ತಾರೆ.

ಹೋದ ತಿಂಗಳು ಮಹಾರಾಜರ ವರ್ಧಂತಿಗೆ ಇಲ್ಲಿ ಸಂತೆಮೈದಾನದಲ್ಲಿ ಚಪ್ಪರ ಹಾಕಿಸಿ ಗಾಯನ ಇಟ್ಟಿದ್ದರು. ನಾನು ಬುದ್ಧಿ ಬಂದಾಗಿನಿಂದ ಆ ಗಾಯನಕ್ಕೆ ಹಾಡುತ್ತಿರುವವನು. ಹತ್ತಿಮಂಡಿ ಸಾಹುಕಾರ ಪರಮೇಶ್ವರಪ್ಪನವರು ಈ ವರ್ಷ ಸಭೆಯ ಯಜಮಾನರು. ಅವರು ಹೇಳಿ ಕಳಿಸಿದಾಗ ಎಂದಿನಂತೆ ಶಾಲು ಹೊದ್ದು ಹೋದೆ. ಕೂರಿಸಿ ಹಾಲು ಕೊಟ್ಟು ಹೇಳಿದರು:

“ಮುರುಗೇಶಪ್ಪನೋರೆ, ಈ ಸಾರಿ ನಿಮ್ ತಮ್ಮನ್ನ ಕರೆಸಾಣ ಅಂತ ಎಲ್ರೂ ಅಂತಾರೆ. ನಿಮ್ದೇನೂ ಅಡ್ಡಿ ಇಲ್ಲ ತಾನೆ?”

“ನನ್ನದೇನು ಅಡ್ಡಿ?” ಎಂದೆ.

“ಹಂಗಾರೆ ನೀವೇ ಅವನಿಗೆ ಹಾರ್ಮೋನಿಯಂ ಬಾರಿಸ್ರಿ. ಅಣ್ಣ ತಮ್ಮ ಒಂದೇ ಕಡೆ ಕುಂತ್ರೆ ನೋಡಾಕೆ ಚೆಂದ.”

ನೋಡುವುದಕ್ಕೆ ಚೆಂದವಂತೆ! ಕೇಳುವುದಕ್ಕೆ ನಾನು ಬೇಡ, ನೋಡುವುದಕ್ಕೆ ಬೇಕು. ಆಗಲಿ ಎಂದು ಹೇಳಿ ಎದ್ದು ಬಂದೆ. ಹಾಲನ್ನು ಪೂರ್ತಿ ಕುಡಿದೆನೋ ಇಲ್ಲವೋ ನೆನಪಿಲ್ಲ.

ಅಕ್ಕಾ, ಒಂದು ಮಾತು ಕೇಳುತ್ತೇನೆ. ಅಲ್ಲಿಯವರೆಗೆ ಸಭೆಯಲ್ಲಿ ಕೂತು ಒಂದೇ ಒಂದು ಅಕ್ಷರ ತಪ್ಪಿದ್ದು ನನ್ನ ಜನ್ಮದಲ್ಲಿ ಉಂಟೆ? ಗುರುಗಳ ಮುಂದೆ ಕೂತು ಗಂಟಲಲ್ಲಿ ರಕ್ತ ಬರುವವರೆಗೆ ಸಾಧನೆ ಮಾಡಿದೆ. ಜಂಬಣ್ಣನೋ, ಮೀಸೆ ಮೂಡುವ ಮೊದಲೇ ನಾಟಕದ ಕಂಪನಿಯ ಹಿಂದೆ ಓಡಿಹೋದ. ತಿರುಗಿ ಬಂದು ಹಿರಿಯೂರಿನಲ್ಲಿ ಮನೆ ಮಾಡಿದ. ಬೆಳಿಗ್ಗೆ ಎದ್ದು ಸಾಧನೆ ಮಾಡುವುದಿಲ್ಲ. ಕಾಫಿ ಕುಡಿಯುತ್ತಾನೆ, ಕ್ರಾಪು ಬಿಟ್ಟಿದ್ದಾನೆ. ಐಮಂಗಲದ ಮದುವೆಯಲ್ಲಿ ಮದುಮಗನನ್ನು ಹರಸಿ ಹಾಡುವಾಗ ಮದುಮಗನ ಹೆಸರಿನ ಬದಲು ಅವನ ತಾತನ ಹೆಸರು ಸೇರಿಸಿ ಹಾಡಿಬಿಟ್ಟನಂತೆ. ಜನ ನಕ್ಕು ನಕ್ಕು ಸುಸ್ತಾಗಿ, ಆ ತಾತನೇ ಎದ್ದು ಬಂದು ಇವನನ್ನು ತಬ್ಬಿಕೊಂಡರಂತೆ. ಹೊಳಲ್ಕೆರೆಯಲ್ಲಿ ಚರಣದ ನಡುವೆ ಕೆಮ್ಮು ಬಂದು, ‘ತಾಯಿ, ಒಂದು ಚೊಂಬು ನೀರು ಕೊಡ್ರಿ’ ಎಂದು ಸಭೆಯ ಹೆಂಗಸರನ್ನೇ ಕೇಳಿದನಂತೆ. ನಾನು ಹಾಗೆ ಕೆಮ್ಮಿದ್ದರೆ ‘ಮುರುಗೇಶಪ್ಪನೋರಿಗೆ ವಯಸ್ಸಾತು’ ಎನ್ನುತ್ತಿದ್ದರು. ಅವನು ಕೆಮ್ಮಿದರೆ ‘ಪಾಪ, ನಮ್ ಹುಡುಗ’! ತಪ್ಪು ಮಾಡಿದವನ ಮೇಲೆ ಜನಕ್ಕೆ ಅಷ್ಟು ಪ್ರೀತಿ ಏಕೆ ಎಂದು ನನಗೆ ಈ ಹೊತ್ತಿಗೂ ಅರ್ಥವಾಗಿಲ್ಲ.

ವರ್ಧಂತಿಯ ದಿನ ಸಂಜೆ ಚಪ್ಪರ ತುಂಬಿಹೋಗಿತ್ತು. ತುರುವನೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಕುರಿ ಕಾಯುವವರು ಕಂಬಳಿ ಹಾಸಿಕೊಂಡು ಆಗಲೇ ಕೂತಿದ್ದರು. ಮುಂದಿನ ಸಾಲಿನಲ್ಲಿ ಪರಮೇಶ್ವರಪ್ಪನವರು, ಅವರ ಪಕ್ಕದಲ್ಲಿ ಅವರ ಬೀಗರು. ಮಗಳನ್ನು ಕೊಟ್ಟ ಮನೆಯವರು ಮೊದಲ ಸಲ ಊರಿಗೆ ಬಂದಿದ್ದರಿಂದ ಸಾಹುಕಾರರು ಅವರಿಗೆ ತಾವೇ ಗಾಳಿ ಬೀಸುತ್ತಿದ್ದರು. ಅಪ್ಪನನ್ನೂ ಕೈಹಿಡಿದು ಕರೆತಂದು ಅದೇ ಸಾಲಿನ ತುದಿಯಲ್ಲಿ ಕೂರಿಸಿದ್ದೆ.

ಜಂಬಣ್ಣ ತಡವಾಗಿ ಬಂದ. ಮದ್ದಳೆಯ ಬೋರಪ್ಪ ಶ್ರುತಿ ಕೂಡಿಸಿಕೊಳ್ಳುವ ಹೊತ್ತಿಗೆ ಓಡುತ್ತ ವೇದಿಕೆ ಹತ್ತಿ ಬಂದು ನನ್ನ ಕಾಲು ಮುಟ್ಟಿದ. ಅದನ್ನು ಕಂಡೇ ಜನ ಚಪ್ಪಾಳೆ ಹೊಡೆದರು. ಹಾಡಿದ. ಚೆನ್ನಾಗಿ ಹಾಡಿದನೇ ಎಂದು ಕೇಳಬೇಡ. ಹಾರ್ಮೋನಿಯಂ ಮೇಲೆ ಬೆರಳಿಟ್ಟುಕೊಂಡು ಅವನ ಬೆನ್ನನ್ನೇ ನೋಡುತ್ತಿದ್ದೆ. ಅವನ ದನಿ ಏರಿದಾಗಲೆಲ್ಲ ಇಲ್ಲಿ ಬಿರಿಯುತ್ತದೆ, ಈಗ ಬಿರಿಯುತ್ತದೆ ಎಂದು ಕಾಯುತ್ತಿದ್ದೆ. ಬಿರಿಯಲಿಲ್ಲ.

ಆಮೇಲೆ ಅವ್ವನ ಹಾಡು ಎತ್ತಿಕೊಂಡ.

ಅದೇ, ಅವ್ವ ಬೀಸುವಾಗ ಹಾಡುತ್ತಿದ್ದುದು, ‘ಬಾಗಿಲ ತೆರೆದಿಹೆ ಬಾರಯ್ಯ ಗುರುವೆ.’ ಅದನ್ನು ಹಾಡುತ್ತಾನೆಂದು ನನಗೆ ಮೊದಲೇ ಹೇಳಿರಲಿಲ್ಲ. ಪಲ್ಲವಿ ಮುಗಿಸಿ, ಮೊದಲ ಚರಣಕ್ಕೆ ಬಾಯಿ ತೆರೆದವನು ಹಾಗೆಯೇ ನಿಂತುಬಿಟ್ಟ. ಕಣ್ಣು ಮುಚ್ಚಿಕೊಂಡ. ಮತ್ತೆ ಪಲ್ಲವಿಗೆ ಹೋದ, ಮತ್ತೆ ಬಂದು ಅಲ್ಲೇ ನಿಂತ. ಮರೆತಿದ್ದ! ಬೋರಪ್ಪ ಮದ್ದಳೆಯಲ್ಲಿ ಏನೇನೋ ಉರುಳಿಸಿ ಹೊತ್ತು ಕಳೆದ. ಸಭೆಯಲ್ಲಿ ಪಿಸುಮಾತು ಎದ್ದಿತು. ಜಂಬಣ್ಣ ತಿರುಗಿ ನನ್ನ ಮುಖ ನೋಡಿದ. ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಮೇಲೆ ಹತ್ತಿ ಇಳಿಯಲಾಗದೆ ನೋಡುತ್ತಿದ್ದನಲ್ಲ, ಆ ನೋಟ.

ಸಾಲು ನನಗೆ ಗೊತ್ತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ‘ಬೀದಿಯ ಗುಡಿಸಿದೆ, ಬಿಂದಿಗೆ ತುಂಬಿದೆ.’ ಮೆಲ್ಲಗೆ ಅವನ ಕಿವಿಗೆ ಹೇಳಿದ್ದರೆ ಸಾಕಿತ್ತು. ಆದರೆ ಅಕ್ಕಾ, ಇವನಿಗೆ ಕಲಿಸಿದವನು ಯಾರೆಂದು ಊರಿಗೆ ಗೊತ್ತಾಗಲಿ ಎಂದು ನನ್ನ ಜೀವ ಕುಣಿಯಿತು. ಕತ್ತು ಎತ್ತಿ, ಇಡೀ ಚಪ್ಪರಕ್ಕೆ ಕೇಳುವಂತೆ, ಗಟ್ಟಿಯಾದ ಶುದ್ಧವಾದ ದನಿಯಲ್ಲಿ ಹಾಡಿದೆ:

‘ಬೀಗರು ಬಂದರು, ಬಿಂದಿಗೆ ಬಚ್ಚಿಡಿ!’

ಮದುವೆಮನೆಯಲ್ಲಿ ಹೆಂಗಸರು ಬೀಗರನ್ನು ಆಡಿಕೊಳ್ಳುವ ಹಾಡು ಅಕ್ಕಾ! ನಿನ್ನ ಮದುವೆಯಲ್ಲಿ ನಿನ್ನ ಗೆಳತಿಯರು ಹಾಡಿ ಭಾವನವರ ಅವ್ವ ಸಿಟ್ಟಾದರಲ್ಲ, ಅದೇ. ಎರಡಕ್ಕೂ ಒಂದೇ ಮಟ್ಟು. ಎಲ್ಲಿಂದ ನಾಲಿಗೆಗೆ ಬಂತೋ ಆ ಗುರುವೇ ಬಲ್ಲ. ಪರಮೇಶ್ವರಪ್ಪನವರ ಕೈಯ ಬೀಸಣಿಗೆ ಬೀಗರ ಮೂಗಿನ ಹತ್ತಿರ ನಿಂತಿತು. ಆಮೇಲೆ ಹಿಂದಿನಿಂದ ತುರುವನೂರಿನ ಕುರಿಗಾಹಿ ಗುಡ್ಡಪ್ಪ ಕೂಗಿದ:

“ಸಾವ್ಕಾರ್ರೆ, ಬಿಂದಿಗೆ ಜ್ವಾಪಾನ ಕಣ್ರಿ!”

ಚಪ್ಪರ ಹಾರಿಹೋಗುವ ಹಾಗೆ ನಕ್ಕರು. ಬೋರಪ್ಪ ಮದ್ದಳೆಯ ಮೇಲೆ ತಲೆಯಿಟ್ಟುಕೊಂಡು ನಕ್ಕ. ಹಾರ್ಮೋನಿಯಂ ಮೇಲೆ ನನ್ನ ಬೆರಳು ಎಲ್ಲಿವೆ ಎಂದು ಕಾಣಲಿಲ್ಲ. ಬೀಗರ ಮುಖ ಕೆಂಪಾಗಿತ್ತು. ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಒಂದೇ ಸಾಲಿಗೆ ಮಣ್ಣುಪಾಲಾಯಿತು ಎಂದುಕೊಂಡೆ.

ಜಂಬಣ್ಣ ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ನನ್ನ ಆ ದರಿದ್ರದ ಸಾಲನ್ನೇ ಎತ್ತಿಕೊಂಡು, ನಿಧಾನವಾಗಿ, ದೇವರ ಮುಂದೆ ಹಾಡುವ ಹಾಗೆ ಹಾಡಿದ. ‘ಬೀಗರು ಬಂದರು, ಬಿಂದಿಗೆ ಬಚ್ಚಿಡಿ.’ ಜನ ಇನ್ನೂ ನಗುತ್ತಿದ್ದರು. ಇನ್ನೊಮ್ಮೆ ಹಾಡಿದ, ಸ್ವಲ್ಪ ತಗ್ಗಿಸಿ. ನಗು ಕಡಿಮೆಯಾಯಿತು. ಮೂರನೆಯ ಸಲ ಅದರ ಬೆನ್ನಿಗೆ ತನ್ನದೊಂದು ಸಾಲು ಸೇರಿಸಿದ:

‘ಬಚ್ಚಿಟ್ಟ ಬಿಂದಿಗೆ ತುಳುಕಿತು ಗುರುವೆ.’

ಅಷ್ಟೇ ಸಾಲು. ಅದನ್ನೇ ತಿರುವಿ ತಿರುವಿ ಹಾಡಿದ. ಬಂದ ಬೀಗ ಗುರುವೇ ಆಗಿಬಿಟ್ಟ, ಬಿಂದಿಗೆ ಮನುಷ್ಯನ ಎದೆಯೇ ಆಗಿಬಿಟ್ಟಿತು. ಹೆಂಗಸರ ಕಡೆ ಸೆರಗು ಕಣ್ಣಿಗೆ ಹೋಯಿತು. ಆ ಬೀಗರು, ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದವರು, ತಲೆದೂಗಿದರು. ನಾನು ಹಾರ್ಮೋನಿಯಂ ಹಿಡಿದು ಹಿಂದೆ ಹಿಂದೆ ಹೋದೆ. ನನ್ನ ತಪ್ಪಿನ ಹಿಂದೆ ನಾನೇ ಬಾರಿಸಿಕೊಂಡು ಹೋದೆ.

ಮುಗಿದ ಮೇಲೆ ಎದ್ದು ನಿಂತು ಕೈಮುಗಿದ. “ಸಾಲು ಮರೆತೋನು ನಾನು. ಕೈಹಿಡಿದು ದಾರಿ ತೋರಿಸಿದೋರು ನಮ್ ಅಣ್ಣಾರು. ಚಪ್ಪಾಳೆ ಅವರಿಗೆ ಹೊಡೀರಿ” ಎಂದ.

ಹೊಡೆದರು. ನನಗೇ ಹೊಡೆದ ಹಾಗಿತ್ತು.

ಪರಮೇಶ್ವರಪ್ಪನವರು ಹತ್ತಿರ ಬಂದು, “ಅಣ್ಣತಮ್ಮದೀರು ಮೊದ್ಲೇ ಮಾತಾಡ್ಕಂಡಿದ್ರೇನ್ರಿ? ನಮ್ ಬೀಗರು ಎಷ್ಟು ಖುಷಿಯಾಗ್ಯಾರೆ ಗೊತ್ತಾ!” ಎಂದರು. ನಾನು ಹಾರ್ಮೋನಿಯಂಗೆ ಬಟ್ಟೆ ಸುತ್ತತೊಡಗಿದೆ.

ಮನೆಗೆ ಬಂದು ಉಂಡಾದ ಮೇಲೆ ಜಂಬಣ್ಣ ಹೊರಗೆ ಕಟ್ಟೆಯ ಮೇಲೆ ನನ್ನ ಪಕ್ಕ ಕೂತ.

“ಸಿಟ್ಟು ಬಂದೈತೇನಣ್ಣ?”

“ಸಿಟ್ಟು ಯಾಕಪ್ಪ? ನಾನು ಹೇಳಿಕೊಟ್ಟಿದ್ದೇ ತಪ್ಪು.”

“ತಪ್ಪೋ ಸರಿಯೋ, ನೀನು ದನಿ ಕೊಟ್ಟೆಯಲ್ಲ. ಇಲ್ದಿದ್ರೆ ನಾನು ಚಪ್ಪರದಿಂದ ಎದ್ದು ಓಡಿಹೋಗ್ತಿದ್ದೆ. ಆ ಸಾಲು ನೀನು ಹಾಡದಿದ್ರೆ ನನಗೆಲ್ಲಿ ಹೊಳೀತಿತ್ತು?” ಇನ್ನಷ್ಟು ಹತ್ತಿರ ಸರಿದು, “ಶ್ರಾವಣಕ್ಕೆ ಹಿರಿಯೂರಾಗೆ ಕರೆದಾರೆ. ಇಬ್ರೂ ಕೂಡಿ ಹಾಡಾಣ. ಪಕ್ಕವಾದ್ಯ ಅಲ್ಲಣ್ಣ, ಜತೇಗೆ. ಬಾ” ಎಂದ.

ಅವನ ದನಿಯಲ್ಲಿ ಕಪಟ ಹುಡುಕಿದೆ. ಬಹಳ ಹುಡುಕಿದೆ ಅಕ್ಕಾ. ಒಂದಿಷ್ಟು ಸಿಕ್ಕಿದ್ದರೆ ನನಗೆ ಆ ರಾತ್ರಿ ನಿದ್ದೆ ಬರುತ್ತಿತ್ತು.

“ಗಂಟಲು ಸರಿಯಿಲ್ಲ, ನೋಡಾಣ” ಎಂದೆ. ಬೆಳಿಗ್ಗೆ ಅವನು ಗಾಡಿ ಹತ್ತುವಾಗ ನಾನು ಪೂಜೆಯಲ್ಲಿದ್ದೆ. ಪೂಜೆ ಎಷ್ಟೋ ಹೊತ್ತಿನ ಮೊದಲೇ ಮುಗಿದಿತ್ತು, ಏಳಲಿಲ್ಲ.

ಈಗ ಊರಿನಲ್ಲಿ ಎಲ್ಲಿ ಹೋದರೂ ಅದೇ ಸಾಲು. ಪಕ್ಕದ ಮನೆಯ ಈರಕ್ಕ ಬಾವಿಯಲ್ಲಿ ಕೊಡ ಎತ್ತುತ್ತ ‘ತುಳುಕಿತು ಗುರುವೆ’ ಎನ್ನುತ್ತಾಳೆ. ನನ್ನ ಪಾಠದ ಹುಡುಗರು ನಾನು ಒಳಗೆ ಹೋದೊಡನೆ ಶುರುಮಾಡುತ್ತಾರೆ. ಮೊನ್ನೆ ಸರ್ವಮಂಗಳ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಅದನ್ನೇ ಗುನುಗುತ್ತಿದ್ದಳು. ನನ್ನ ಕೈಹಿಡಿದ ಹೆಂಡತಿ, ಮನೆಯಲ್ಲಿ ನಾನು ಹಾಡಿದ ಯಾವುದನ್ನೂ ಗುನುಗಿದವಳಲ್ಲ.

“ನಿನಗೂ ಅದೇ ಹಾಡು ಬೇಕಾಯ್ತಾ?” ಎಂದು ರೇಗಿದೆ.

ಅವಳು ಕೈಹಿಟ್ಟು ಉದುರಿಸಿಕೊಂಡು ನನ್ನನ್ನೇ ನೋಡಿದಳು. “ನಿಮ್ ಹಾಡು ಕೇಳುವಾಗ ಎಲ್ಲಿ ತಪ್ಪೀತೋ ಅಂತ ನೀವು ಹೆದರ್ತೀರಿ, ನಿಮ್ಮನ್ನ ನೋಡಿ ನಾನೂ ಉಸಿರು ಬಿಗಿ ಹಿಡ್ಕಂಡು ಕುಂತಿರ್ತೀನಿ. ಗುನುಗಾಕೆ ಉಸಿರೆಲ್ಲೈತೆ?” ಎಂದಳು. ಆಮೇಲೆ ಏನೂ ಆಗದವಳಂತೆ ರೊಟ್ಟಿ ತಿರುವಿ ಹಾಕಿದಳು. ಇದಕ್ಕೆ ಉತ್ತರ ನಿನಗೇನಾದರೂ ಹೊಳೆದರೆ ಬರಿ.

ಹಿರಿಯೂರಿಗೆ ಹೋಗಬೇಕೋ ಬೇಡವೋ ಅದನ್ನೂ ಬರಿ. ಜಂಬಣ್ಣ ಎರಡು ಸಲ ಹೇಳಿ ಕಳಿಸಿದ್ದಾನೆ. ಹೋದರೆ ಅವನ ಪಕ್ಕದಲ್ಲಿ ಕೂತು ಮತ್ತೆ ಅವನ ದನಿ ಬಿರಿಯಲೆಂದು ಕಾಯುತ್ತೇನೇನೋ ಎಂದು ನನಗೇ ಭಯ. ಹೋಗದಿದ್ದರೆ ಮನೆಯಲ್ಲಿ ಕೂತು ಕಾಯುತ್ತೇನೆ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನೀನು. ನಿನಗೆ ಹೀಗೆಲ್ಲ ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಬೇರೆ ಯಾರಿಗೆ ಬರೆಯಲಿ?

ಭಾವನವರಿಗೆ ನನ್ನ ಶರಣು. ಮಕ್ಕಳು ವಿದ್ಯಾವಂತರಾಗಿ, ಗಟ್ಟಿಮುಟ್ಟಾಗಿ ನೂರ್ಕಾಲ ಬಾಳಲಿ. ಅವರಲ್ಲಿ ಯಾರಿಗಾದರೂ ಹಾಡು ಬಂದರೆ ಹಾಡಲಿ, ತಪ್ಪಿದರೆ ಬೈಯಬೇಡ. ಮುಂದಿನ ತಿಂಗಳು ನೀನು ಬಂದು ನಾಲ್ಕು ದಿನ ಇದ್ದು ಹೋಗು.

ನಿನ್ನ ತಮ್ಮ,
ಮುರುಗೇಶಪ್ಪ

ಮರೆತ ಮಾತು: ಮರೆತದ್ದಲ್ಲ. ಬರೆಯಬಾರದೆಂದು ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದ್ದೇನೆ.

ಅವತ್ತು ಜನವೆಲ್ಲ ಜಂಬಣ್ಣನನ್ನು ಮುತ್ತಿಕೊಂಡಾಗ ನಾನು ಅಪ್ಪನನ್ನು ಮನೆಗೆ ಕರೆತರಲೆಂದು ಕೆಳಗಿಳಿದು ಹೋದೆ. ಅವರ ಕಣ್ಣಿನ ಪೊರೆ ಈಗ ಪೂರ್ತಿ ಬಲಿತಿದೆ, ಸಂಜೆಯಾದರೆ ಎದುರಿಗೆ ನಿಂತವರೂ ಕಾಣುವುದಿಲ್ಲ. ಕೈ ಹಿಡಿದೆ. ಯಾರೆಂದು ಅವರು ಕೇಳಲಿಲ್ಲ. ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಇಟ್ಟುಕೊಂಡು, “ಜಂಬಣ್ಣ, ನಿಮ್ಮವ್ವ ಬೀಸ್ತಾ ಕುಂತು ಹಾಡಿದಂಗೇ ಆತಲ್ಲೋ ಮಗನೆ” ಎಂದು ಅತ್ತರು.

ಅವ್ವ ಹೋದಾಗ ಜಂಬಣ್ಣ ತೊಟ್ಟಿಲಲ್ಲಿದ್ದ. ಅವಳ ದನಿಯ ನೆನಪೇ ಅವನಿಗಿಲ್ಲ. ಬೀಸುವ ಕಲ್ಲಿನ ಪಕ್ಕ ಕೂತು ಆ ಹಾಡನ್ನು, ಅವಳು ಎಲ್ಲಿ ಎಳೆಯುತ್ತಿದ್ದಳು, ಎಲ್ಲಿ ತಡೆಯುತ್ತಿದ್ದಳು, ಎಲ್ಲವನ್ನೂ ಕಲಿತವನು ನಾನು. ಅವನಿಗೆ ಕಲಿಸಿದವನೂ ನಾನು. ಅದೇ ಹಾಡನ್ನು ಅಪ್ಪನ ಮುಂದೆ ಎಷ್ಟು ಸಲ ಹಾಡಿದ್ದೇನೋ ಲೆಕ್ಕವಿಲ್ಲ. ‘ಶುದ್ಧವಾಗೈತೆ’ ಎನ್ನುತ್ತಿದ್ದರು, ಅಷ್ಟೇ.

ನಾನು ಮುರುಗೇಶ ಎಂದು ಹೇಳಲಿಲ್ಲ ಅಕ್ಕಾ. “ಹೂಂ ಅಪ್ಪ” ಎಂದೆ.

ಆ ಮಾತು ಜಂಬಣ್ಣನಿಗೆ ಸೇರಬೇಕಾದದ್ದು. ಇನ್ನೂ ಅವನಿಗೆ ಮುಟ್ಟಿಸಿಲ್ಲ. ನೀನೂ ಹೇಳಬೇಡ. ಅಪ್ಪ ಅದನ್ನು ಹೇಳುವಾಗ ಹಿಡಿದುಕೊಂಡಿದ್ದು ನನ್ನ ಕೈ.