ಎರಡನೆಯ ಹಲಗೆ

ಫೆಬ್ರುವರಿ ಮೂವತ್ತು, ೨೨೭೧
ಕೆಂಪುಹಳ್ಳ ನಿಲ್ದಾಣ

ಸೇತುವೆಯ ಬಳಿ ಹಳದಿ ಹಲಗೆ ನೆಡುತ್ತಿರುವ ರೈಲು ಹಳಿಯ ಗ್ಯಾಂಗಿನವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ತಿಂಗಳ ಗಾಡಿ ಬರುವ ತನಕ ತಿಂಗಳು ಮುಗಿಯುವುದಿಲ್ಲ. ಗಾಡಿ ತಡವಾದಷ್ಟೂ ದಿನಗಳನ್ನು ಸೇರಿಸುತ್ತ ಹೋಗುತ್ತೇವೆ. ನಾನು ಓದಿದ್ದು ನಿಲ್ದಾಣದ ಶಾಲೆಯಲ್ಲಿ, ಏಳನೆಯವರೆಗೆ. ದಿನಚರಿ ಬರೆದು ಅಭ್ಯಾಸ, ಪತ್ರ ಬರೆದಲ್ಲ. ನನ್ನ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ.

ನಮ್ಮಜ್ಜನಿಗೂ ಎಷ್ಟೋ ಹಿಂದೆ ನೀವು ನೆಟ್ಟ ಹಲಗೆ ಇನ್ನೂ ಇದೆ. ಪ್ರತಿ ಯುಗಾದಿಗೆ ಅದಕ್ಕೆ ಹಳದಿ ಬಳಿದು, ಕಪ್ಪಿನಲ್ಲಿ ಹತ್ತು ಎಂದು ಮತ್ತೆ ಬರೆಯುತ್ತೇವೆ. ಸೇತುವೆ ರಿಪೇರಿಯಲ್ಲಿರುವಾಗ ಗಾಡಿ ಗಂಟೆಗೆ ಹತ್ತು ಕಿಲೋಮೀಟರು ಮೀರಬಾರದೆಂದು ನೀವು ನೆಟ್ಟಿರಿ. ಅದು ಸರಿ. ಆದರೆ ಅಪಾಯ ಮುಗಿಯಿತು, ಇನ್ನು ಓಡಿಸಬಹುದು ಎನ್ನುವ ಎರಡನೆಯ ಹಲಗೆ ಮುಂದೆಲ್ಲೋ ಇರಬೇಕಲ್ಲ? ಅದನ್ನು ನಾವು ಬಿಡುಹಲಗೆ ಅನ್ನುತ್ತೇವೆ. ಅದು ಇಲ್ಲ. ಕಡೆಯ ಡಬ್ಬಿ ಬಿಡುಹಲಗೆ ದಾಟುವವರೆಗೆ ವೇಗ ಏರಿಸಬಾರದೆಂಬುದು ನಿಯಮ. ಹಾಗಾಗಿ ನಮ್ಮ ಗಾಡಿ ಸೇತುವೆ ಕಳೆದ ಮೇಲೂ, ಗಟ್ಟಿ ನೆಲದಲ್ಲೂ, ನೇರ ಹಳಿಯಲ್ಲೂ, ಜಂಕ್ಷನ್ನಿನವರೆಗೆ ಹತ್ತರಲ್ಲೇ ತೆವಳುತ್ತದೆ.

ನಡೆದು ಹೋಗಬಾರದೇ ಎಂದು ನೀವು ಕೇಳಬಹುದು. ರಸ್ತೆಗಳನ್ನು ಬಳ್ಳಾರಿ ಜಾಲಿ ಎಂದೋ ನುಂಗಿದೆ. ಹಳಿಯ ಎರಡೂ ಬದಿಗೆ ಅದರ ಮುಳ್ಳಿನ ಗೋಡೆ, ಮೇಲೆ ಅದರದೇ ಸೂರು. ಗಾಡಿಯೂ ಅದರ ಪಕ್ಕ ಒಬ್ಬರೂ ಹೋಗುವಷ್ಟೇ ಕಿಂಡಿ. ಜನ ಓಡುವ ಗಾಡಿಯಿಂದಿಳಿದು ಜಾಲಿಕಾಯಿ ಆರಿಸಿಕೊಂಡು ಹಿಂದಿನ ಡಬ್ಬಿಗೆ ಹತ್ತುತ್ತಾರೆ. ಹೆಂಗಸರು ರೊಟ್ಟಿ ತಟ್ಟುತ್ತಾರೆ, ಬೀಗತನ ಮಾತಾಡುತ್ತಾರೆ. ನಮ್ಮಜ್ಜನ ಕಾಲದಲ್ಲಿ ಒಬ್ಬ ಡ್ರೈವರು ಬೇಸತ್ತು ವೇಗ ಏರಿಸಿದಾಗ ಡಬ್ಬಿಗಳು ಹಳ್ಳಕ್ಕೆ ಬಿದ್ದವು. ಅಂದಿನಿಂದ ಡ್ರೈವರಾಗುವವರು ಹಳಿಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಾರೆ. ನನ್ನ ತಮ್ಮ ಮೌನೇಶನೂ ಮಾಡಿದ್ದಾನೆ.

ಹೋದ ವರ್ಷ ನನ್ನ ಹಿರಿ ಮಗಳು ಹುಲಿಗೆವ್ವನನ್ನು ಹೆರಿಗೆಗೆ ಜಂಕ್ಷನ್ನಿನ ಆಸ್ಪತ್ರೆಗೆಂದು ಅವನ ಗಾಡಿಯಲ್ಲೇ ಕರೆದೊಯ್ದೆ. ಸೇತುವೆ ದಾಟಿದ ಮೇಲೆ ಇಳಿದು ಇಂಜಿನ್ನಿನವರೆಗೆ ಓಡಿದೆ.

"ಮೌನ್ಯಾ, ಕೂಸು ಅಡ್ಡ ಬಂದೈತಿ! ಜೋರ ಹೊಡಿಯೋ!"

"ಬಿಡುಹಲಗಿ ಎಲ್ಲೈತಿ ತೋರ್ಸಕ್ಕಾ. ಕಂಡ ಕೂಡ್ಲೆ ಹಾರಿಸ್ತೀನಿ."

"ಕಣ್ಣ ಕಾಣಂಗಿಲ್ಲೇನು? ಮುಂದ ಬರೇ ಹಳಿ ಐತಿ!"

"ಹಿಂದ ಡಬ್ಬಿ ತುಂಬ ಮಂದಿ ಅದಾರವ್ವಾ..."

ಅವನು ಅಳುತ್ತಿದ್ದ. ಕೈ ಮಾತ್ರ ಹಿಡಿಕೆಯ ಮೇಲೆ ಅಲುಗಲಿಲ್ಲ. ಕಿಟಕಿಯಿಂದ, ಮುಳ್ಳಿನ ಸಂದಿಯಲ್ಲಿ, ಜಂಕ್ಷನ್ನಿನ ನೀರಿನ ಟ್ಯಾಂಕು ಕಾಣುತ್ತಿತ್ತು. ಬಹಳ ಹೊತ್ತು ಅಷ್ಟೇ ಗಾತ್ರದಲ್ಲಿ ಕಾಣುತ್ತಿತ್ತು. ಹುಲಿಗೆವ್ವ ಅದನ್ನೇ ನೋಡುತ್ತ ಹೋದಳು. ಕೂಸೂ ಉಳಿಯಲಿಲ್ಲ.

ಊರಿಗೆ ಬಂದು ಅವಳ ಮಂಚ ಒಡೆದು ಒಂದು ಬಿಡುಹಲಗೆ ಮಾಡಿದೆ. ಸೇತುವೆಯಾಚೆ ನೆಟ್ಟೆ. ಪಕ್ಕದ ಮನೆಯ ಈರವ್ವ, "ಏ ಸಾವಂತ್ರಿ, ಮುಗಿಲಿಗೂ ಒಂದು ಹಲಗಿ ನೆಡವಾ, ಮಳಿ ಆದ್ರೂ ಬರ್ಲಿ!" ಎಂದಳು. ಎಲ್ಲರೂ ನಕ್ಕರು. ಮೌನೇಶ ನಗಲಿಲ್ಲ. ಹಲಗೆ ಕಿತ್ತು, ಮಣ್ಣು ಒರೆಸಿ, ಮನೆಗೆ ತಂದುಕೊಟ್ಟ.

"ಹಲಗಿ ನಿಂದಕ್ಕಾ. ಸೇತುವಿ ಅವರ್ದು. ಗಟ್ಟಿ ಆಗೇತಿ ಅಂತ ರಿಪೇರಿ ಮಾಡಿದವ್ರ ಹೇಳ್ಬೇಕು."

ಹಲಗೆಯನ್ನು ಗೋಡೆಗೆ ಒರಗಿಸಿಟ್ಟೆ. ಈಗಲೂ ಅಲ್ಲೇ ಇದೆ.

ಈಗ ಕಿರಿಯವಳು ಯಂಕವ್ವನಿಗೆ ದಿನ ತುಂಬಿವೆ. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ನನ್ನ ಮುಖ ನೋಡದೆ ಹೊರಗೆ ಹೋದಳು. ತಿಂಗಳ ಗಾಡಿ ಬಂದರೆ ಅದೇ ಹಳಿ, ಅದೇ ಕಿಟಕಿ. ಬರದಿದ್ದರೆ ಅದೂ ಇಲ್ಲ. ಗಂಟು ಕಟ್ಟಿಟ್ಟುಕೊಂಡು ಕೂತಿದ್ದೇವೆ.

ಈ ಪತ್ರವನ್ನು ನಿಮ್ಮ ಹಲಗೆಯ ಬುಡದಲ್ಲಿ ಹೂಳುತ್ತೇನೆ. ನಿಮಗೂ ನಮಗೂ ಸೇರಿದ್ದು ಅದೊಂದೇ ಗುಣಿ. ಕೆಲಸ ಮುಗಿದಾಗ ಸಂಜೆಯಾಗಿರುತ್ತದೆ, ದಣಿದಿರುತ್ತೀರಿ, ಬೆಳಿಗ್ಗೆ ನೆಟ್ಟರಾಯಿತು ಅನ್ನಿಸುತ್ತದೆ. ಹಾಗೆ ಬಿಡಬೇಡಿ. ಕೈ ತೊಳೆಯುವ ಮೊದಲು ಸೇತುವೆಯಾಚೆ ಹೋಗಿ ಎರಡನೆಯ ಹಲಗೆ ನೆಡಿ. ನಮ್ಮ ಡ್ರೈವರು ಒಳ್ಳೆಯವನು. ಕಂಡ ಕೂಡಲೇ ಹಾರಿಸುತ್ತಾನೆ.

ನೀವು ನೆಟ್ಟರೆ ಈ ಪತ್ರವನ್ನು ಯಾರೂ ಬರೆದಿರುವುದಿಲ್ಲ. ಇಂದು ಮಾರ್ಚಿನ ಯಾವುದೋ ದಿನವಾಗಿರುತ್ತದೆ. ನಾನು ಹುಲಿಗೆವ್ವನ ಕೂಸಿಗೆ ಎಣ್ಣೆ ತಿಕ್ಕುತ್ತ ಕೂತಿರುತ್ತೇನೆ, ನೀವು ಯಾರೆಂದು ನನಗೆ ಗೊತ್ತೇ ಇರುವುದಿಲ್ಲ. ಅದಕ್ಕಾಗಿ ಈಗಲೇ ಕೈ ಮುಗಿದಿರುತ್ತೇನೆ.

ಸಾವಂತ್ರವ್ವ