ಅತ್ತೆಯ ಮೈಮೇಲಿನ ನಿಮ್ಮ ಅಂಗಿ

ವೆಂಕಟಯ್ಯ ಮಾವನವರಿಗೆ,

ತಿಪಟೂರಿನಿಂದ ನಿಮ್ಮ ಹೆಂಡತಿಯ ಅಣ್ಣನ ಮಗಳು ಮಂಗಳಾ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಕ್ಷೇಮ ಕೇಳುವ ಹಾಗಿಲ್ಲ, ನೀವು ತೀರಿಕೊಂಡು ಮೂರು ವರ್ಷವಾಯಿತು. ಹೋದವರಿಗೆ ಕಾಗದ ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಅತ್ತೆ ಹಟ ಹಿಡಿದು ಕೂತಿದ್ದಾರೆ. ವಿಷಯ ನಿಮ್ಮ ಅಂಗಿಯದಂತೆ, ನಿಮಗೆ ತಿಳಿಸದೆ ಇರಬಾರದಂತೆ. ಚಿಕ್ಕಗೌರಮ್ಮನವರ ಹಟ ಎಂಥದ್ದು ಅಂತ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಯಾವ ಅಂಗಿ ಅಂದರೆ, ಆ ತಿಳಿನೀಲಿ ಗೀಟಿನದು. ಸೂರ್ಯಪ್ರಕಾಶನ ಮದುವೆಗೆ ಹೊಲಿಸಿದ್ದು. ಕಾಲರ್ ಸರಿಯಾಗಿ ಕೂರಲಿಲ್ಲ ಅಂತ ಟೈಲರ್ ಗಿಡ್ಡಯ್ಯನ ಪ್ರಾಣ ತಿಂದು ಬಿಚ್ಚಿಸಿ ಮತ್ತೆ ಹೊಲಿಸಿದಿರಲ್ಲ, ಅದು. ಮಗನ ಮದುವೆಯಲ್ಲಿ ಮದುಮಗನಿಗಿಂತ ಅಪ್ಪನೇ ಹೆಚ್ಚು ಸಲ ಕನ್ನಡಿ ನೋಡಿಕೊಂಡ ಅಂತ ನಿಮ್ಮ ಹೊನ್ನವಳ್ಳಿಯಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಕೊಬ್ಬರಿ ಹರಾಜಿಗೆ ತಿಪಟೂರಿಗೆ ಬರುವಾಗಲೂ ಇಸ್ತ್ರಿ ಮುರಿದೀತು ಅಂತ ಸೀಟು ಇದ್ದರೂ ಬಸ್ಸಿನಲ್ಲಿ ನಿಂತೇ ಬರುತ್ತಿದ್ದವರು ನೀವು. ಆ ಅಂಗಿಯನ್ನು ಈಗ ಅತ್ತೆ ಸೀರೆಯ ಮೇಲೆ ತೊಟ್ಟುಕೊಂಡು ತೋಟದಲ್ಲಿ ಗರಿ ಎಳೆಯುತ್ತಾರೆ. ಹೊಟ್ಟೆ ಉರಿಯಿತಾ? ಉರಿಯಲಿ ಬಿಡಿ.

ನಮ್ಮ ಕಡೆ ತೋಟಕ್ಕೆ ಹೊಲಕ್ಕೆ ಹೋಗುವ ಹೆಂಗಸರು ಗಂಡನದೋ ಮಗನದೋ ಅಂಗಿ ಮೇಲೆ ಹಾಕಿಕೊಳ್ಳುವುದು ಇದ್ದದ್ದೇ. ಬಿಸಿಲು ತಡೆಯುತ್ತದೆ, ಗರಿ ಗೀರುವುದಿಲ್ಲ. ಬೇರೆಯವರು ಹರಿದು ಹೋಗುವಂಥದ್ದನ್ನು ಹಾಕುತ್ತಾರೆ. ಅತ್ತೆ ಮಾತ್ರ ನಿಮ್ಮ ಬೀರುವಿನಲ್ಲಿದ್ದ ಒಳ್ಳೆಯದನ್ನೇ ತೆಗೆದರು. ಸೊಸೆ ಬೇಡ ಅಂದಳು, ಸೂರ್ಯಪ್ರಕಾಶ ಬೇಡ ಅಂದ. ಅತ್ತೆ ಯಾರ ಮಾತೂ ಕೇಳಲಿಲ್ಲ. ನನಗೆ ಆಗಲೇ ಅರ್ಥವಾಗಬೇಕಿತ್ತು, ಆಗಲಿಲ್ಲ.

ಈಗ ನನ್ನ ವಿಷಯ. ನಾನು ತೆಂಗಿನ ಚಿಪ್ಪಿನಿಂದ ಅಂಗಿಯ ಗುಂಡಿ ಮಾಡುವ ಶೆಡ್ ಹಾಕಿದಾಗ ನೀವು ನಕ್ಕಿದ್ದು ನೆನಪಿದೆ. ಬಚ್ಚಲ ಒಲೆಗೆ ಹಾಕುವುದನ್ನು ಎದೆಯ ಮೇಲೆ ಹಾಕಿಕೊಳ್ಳುವ ಪೆದ್ದ ಯಾರು ಅಂತ ಕೇಳಿದ್ದಿರಿ. ಇದ್ದಾರೆ ಮಾವ, ಯುರೋಪಿನ ಕಡೆ ಬೇಕಾದಷ್ಟು ಜನ ಇದ್ದಾರೆ. ಕೊಬ್ಬರಿ ಒಡೆಸಿದವರ ಮನೆಯಿಂದ ಚಿಪ್ಪು ತರುತ್ತೇವೆ, ಬಿಲ್ಲೆ ಕತ್ತರಿಸಿ, ತೂತು ಹಾಕಿ, ನುಣುಪು ಮಾಡಿ ಬೆಂಗಳೂರಿನ ಅಂಗಿ ಕಂಪನಿಗೆ ಕಳಿಸುತ್ತೇವೆ. ಅವರು ಅಂಗಿ ಹೊಲಿದು ಹಡಗಿಗೆ ಹಾಕುತ್ತಾರೆ. ಐದು ಜನ ಹೆಂಗಸರ ಮನೆ ಇದರಲ್ಲಿ ನಡೆಯುತ್ತಿದೆ. ನನ್ನದೂ ನಡೆಯುತ್ತಿದೆ.

ಹೋದ ವರ್ಷದಿಂದ ಒಂದು ಹೊಸ ತಾಪತ್ರಯ ಶುರುವಾಯಿತು. ಯುರೋಪಿನವರು ಕಾಯ್ದೆ ಮಾಡುತ್ತಿದ್ದಾರಂತೆ. ಬಟ್ಟೆಯಲ್ಲಿ ಒಂದು ಕೋಡ್ ಇರಬೇಕು, ಮೊಬೈಲ್ ಹಿಡಿದರೆ ಅದರ ಜಾತಕವೆಲ್ಲ ಬರಬೇಕು, ಸುಳ್ಳು ಹೇಳಿ ಮಾರಬಾರದು. ಒಳ್ಳೆಯದೇ. ಕಾಯ್ದೆ ಪೂರ್ತಿ ಬರುವ ಮೊದಲೇ ನಮ್ಮ ಕಂಪನಿ ತಯಾರಾಗಲು ಹೊರಟಿತು. ಹತ್ತಿ ಎಲ್ಲಿಯದು, ಬಣ್ಣ ಎಲ್ಲಿಯದು, ಗುಂಡಿಯ ಚಿಪ್ಪು ಯಾವ ತೋಟದ್ದು, ತೋಟದವರು ಯಾರು, ಅವರ ಒಂದು ಫೋಟೋ. ಈ ಕೆಲಸ ನೋಡಿಕೊಳ್ಳುವವಳು ಯೋಗಿತಾ ಅಂತ, ತುರುವೇಕೆರೆ ಕಡೆಯ ಹುಡುಗಿ. ಫೋನಿನಲ್ಲಿ ಮೊದಲ ದಿನವೇ ಅಕ್ಕ ಅಂದಳು. ಆ ಸಲ ಕಳಿಸಬೇಕಿದ್ದ ಗುಂಡಿಯ ಲಾಟಿನ ಚಿಪ್ಪು ಪೂರ್ತಿ ನಿಮ್ಮ ತೋಟದ್ದೇ ಆಗಿತ್ತು, ಹಾಗಾಗಿ ಅತ್ತೆಯ ಫೋಟೋ ತೆಗೆಯಲು ಹೋದೆ.

ತೋಟದಲ್ಲಿದ್ದರು. ಅಂಗಿ ತೆಗೆದಿಟ್ಟು ಒಳ್ಳೆ ಸೀರೆ ಉಟ್ಟು ಬಾ ಅತ್ತೆ ಅಂದೆ. ಕೆಲಸ ಮಾಡೋವಾಗ ಹೆಂಗಿದೀನೋ ಹಂಗೇ ತೆಗಿ ಅಂದರು. ಅಂದವರು ಕಾಲರ್ ಸರಿ ಮಾಡಿಕೊಂಡರು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡರು, ತೋಳಿನ ಮಡಿಕೆ ಬಿಚ್ಚಿ ಮಣಿಕಟ್ಟಿನ ಗುಂಡಿಯನ್ನೂ ಹಾಕಿಕೊಂಡರು. ಥೇಟ್ ನೀವೇ ನಿಂತ ಹಾಗೆ ಸೆಟೆದು ನಿಂತರು. ಇದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರು. ಹೊರದೇಶಕ್ಕೆ ಅಂದೆ. ನೀವು ಹೋದ ಮೇಲೆ ಅವರ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ.

ತಿಂಗಳ ಮೇಲೆ ಕೋಡ್ ಬಂತು. ಕಂಪನಿಯವರು ನೋಡಿ ಒಪ್ಪಿಗೆ ಕೊಡಿ ಎಂದಿದ್ದರು. ಅತ್ತೆಯ ಎದುರಿಗೇ ತೆಗೆದು ತೋರಿಸೋಣ ಅಂತ ಹೊನ್ನವಳ್ಳಿಗೆ ಹೋದೆ. ಪಕ್ಕದ ತೋಟದ ಬಾಲರಾಜು ಕೂಡ ಬಂದು ಜಗಲಿಯಲ್ಲಿ ಕೂತ. ಮೊಬೈಲ್ ಹಿಡಿದೆ. ಮೊದಲು ಬಂದದ್ದು ಸಮುದ್ರ. ನಿಮ್ಮ ತೋಟದ ಹಿಂದೆ, ರಾಗಿ ಹೊಲ ಇರಬೇಕಾದ ಕಡೆ, ನೀಲಿ ಸಮುದ್ರ ಅಲೆ ಹೊಡೆಯುತ್ತಿತ್ತು! ತೆಂಗಿನ ಮರ ಇದ್ದ ಮೇಲೆ ಸಮುದ್ರವೂ ಇರಬೇಕು ಅಂತ ಅವರ ಎಐ ತಿಳಿದುಕೊಂಡಿತ್ತು. ಅದರ ಮುಂದೆ ಅತ್ತೆ. ಕೂದಲು ಕಪ್ಪು, ಮುಖದಲ್ಲಿ ಸುಕ್ಕಿಲ್ಲ, ಕೆಂಪು ರೇಷ್ಮೆ ಸೀರೆ, ಕೈಯಲ್ಲಿ ಒಂದು ಎಳನೀರು. ಅಂಗಿ ಇಲ್ಲ. ಕೆಳಗೆ ಚಿಕ್ಕಗೌರಮ್ಮ, ಹೊನ್ನವಳ್ಳಿ ಅಂತ ಇಂಗ್ಲಿಷಿನಲ್ಲಿ ಸರಿಯಾಗಿಯೇ ಬರೆದಿತ್ತು.

ನಾನು ನಕ್ಕೆ. ಬಾಲರಾಜು ನಕ್ಕು ನಕ್ಕು ಕಣ್ಣೊರೆಸಿಕೊಂಡ. ಹೊನ್ನವಳ್ಳಿಗೆ ಸಮುದ್ರ ಬಂತು, ಇನ್ನು ಬೋರ್‌ವೆಲ್ ಚಿಂತೆ ಇಲ್ಲ ಅಂದ. ಅತ್ತೆ ನಗಲಿಲ್ಲ. ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಚಿತ್ರವನ್ನು ದೊಡ್ಡದು ಮಾಡಿಸಿ ನೋಡಿದರು. ತುಂಬ ಹೊತ್ತು ನೋಡಿದರು.

"ನನ್ ಅಂಗಿ ಎಲ್ಲೋಯ್ತು?" ಅಂದರು.

ಇವರ ಸಾಫ್ಟ್‌ವೇರ್ ಫೋಟೋ ಚೆನ್ನಾಗಿ ಕಾಣಲಿ ಅಂತ ತೆಗೆದುಬಿಟ್ಟಿದೆ ಅತ್ತೆ ಅಂತ ಸಮಾಧಾನ ಹೇಳಿದೆ.

"ನನ್ನ ಒಂದ್ ಮಾತು ಕೇಳ್ದೆ ನನ್ ಮೈಮ್ಯಾಲಿನ ಅಂಗಿ ಬಿಚ್ಚೋಕೆ ಅವನ್ಯಾವನು ಕಣೇ?"

ಬಾಲರಾಜುವಿನ ನಗು ನಿಂತಿತು. ಯಾರೂ ಅಲ್ಲ ಅತ್ತೆ, ಅದೊಂದು ಮಿಷನ್ನು ಅಂದೆ.

"ಯಾರೂ ಅಲ್ದೋನು ಬಿಚ್ಚುದ್ರೆ ನಾನ್ ಹೋಗಿ ಯಾರ್ನ ಕೇಳ್ಲಿ?"

ಅತ್ತೆ ಎದ್ದು ಒಳಗೆ ಹೋದರು. ಇನ್ನು ಮೇಲೆ ನಮ್ಮನೆ ಚಿಪ್ಪು ಒಲೆಗೇ ಆಗ್ಲಿ ಅಂತ ಒಳಗಿನಿಂದಲೇ ಸೊಸೆಯ ಕೈಲಿ ಹೇಳಿಸಿದರು. ನಾನು ಹುಟ್ಟಿದಾಗಿನಿಂದ ಆ ಮನೆಯಿಂದ ಒಂದು ಲೋಟ ಕಾಫಿ ಕುಡಿಯದೆ ಎದ್ದು ಬಂದದ್ದು ಅವತ್ತೊಂದೇ ದಿನ.

ಬಸ್ಸಿನಲ್ಲಿ ಬರುವಾಗ ನನಗೆ ಮೊದಲು ಅತ್ತೆಯ ಮೇಲೇ ಸಿಟ್ಟು ಬಂತು. ಒಂದು ಚಿತ್ರಕ್ಕೆ ಇಷ್ಟೊಂದಾ ಅಂತ. ಆಮೇಲೆ ನನ್ನದೇ ಫೋಟೋ ಅಂತ ಅಂದುಕೊಂಡು ನೋಡಿದೆ. ನಾನು ಹಾಕಿಕೊಂಡದ್ದನ್ನು ಯಾರೋ ತೆಗೆದು, ಇನ್ನೇನೋ ಉಡಿಸಿ, ನನ್ನ ಹೆಸರು ಬರೆದು ಸಾವಿರಾರು ಅಂಗಿಗೆ ಹಚ್ಚಿದರೆ? ಸಿಟ್ಟು ಕಂಪನಿಯ ಕಡೆಗೆ ತಿರುಗಿತು.

ಯೋಗಿತಾಗೆ ಫೋನ್ ಮಾಡಿದೆ. ಪಾಪದ ಹುಡುಗಿ, ಅವಳೂ ನೊಂದುಕೊಂಡಳು. ಹೆಂಗಸಿನ ಮೈಮೇಲೆ ಗಂಡಸಿನ ಮಾಸಿದ ಅಂಗಿ ಇದ್ದರೆ ಅಲ್ಲಿನ ಗಿರಾಕಿಗೆ ಬಡತನ ಕಾಣುತ್ತದೆ ಅಂತ ಮೇಲಿನವರ ಲೆಕ್ಕವಂತೆ. "ನಮ್ಮಮ್ಮನೂ ಹಿಂಗೇ ಹಾಕ್ಕೊಂತಾರೆ ಅಕ್ಕ. ಆದ್ರೆ ನಾನ್ ಅದನ್ನ ಮೀಟಿಂಗಲ್ಲಿ ಹೇಳಕ್ಕಾಗ್ಲಿಲ್ಲ," ಅಂದಳು. ನೋಡಿ ಮಾವ, ಇವರು ಮಾರುವುದು ಅಂಗಿ. ಊರವರೆಲ್ಲ ತೊಡಲಿ ಅಂತ ಹೊಲಿಯುವುದು ಅಂಗಿ. ನಮ್ಮ ಅತ್ತೆ ತೊಟ್ಟರೆ ಮಾತ್ರ ಅದು ಕಾಣಬಾರದು.

ನಾನು ಒಪ್ಪಿಗೆ ಕೊಡದಿದ್ದರೆ ಲಾಟು ಹೋಗುವುದಿಲ್ಲ. ಲಾಟು ಹೋಗದಿದ್ದರೆ ಶೆಡ್ಡಿನಲ್ಲಿ ಮುಂದಿನ ಕೆಲಸವಿಲ್ಲ. ಒಪ್ಪಿಗೆ ಕೊಟ್ಟರೆ ಅತ್ತೆಯ ಮುಖ ಮತ್ತೆ ನೋಡುವ ಹಾಗಿಲ್ಲ. ಬಾಲರಾಜು ಒಂದು ದಾರಿ ತೋರಿಸಿದ. ಅವನ ಹೆಸರು, ಅವನ ತೋಟ ಹಾಕಬೇಕಂತೆ. ಅಂಗಿ ಬಿಚ್ಚಿದರೂ ಸರಿ, ಸಮುದ್ರದೊಳಗೇ ಇಳಿಸಿದರೂ ಸರಿ, ಅವನ ಅಭ್ಯಂತರವಿಲ್ಲವಂತೆ. ಆದರೆ ಆ ಚಿಪ್ಪು ಅವನ ತೋಟದ್ದಲ್ಲ. ಸುಳ್ಳು ಹೇಳಬಾರದು ಅಂತ ಮಾಡಿದ ಕೋಡಿಗೆ ಮತ್ತೊಂದು ಸುಳ್ಳು ತುಂಬಲು ನನಗೆ ಮನಸ್ಸು ಬರಲಿಲ್ಲ. ಬಾಲರಾಜುವಿಗೆ ಬೇಜಾರಾಯಿತು, ಆಗಲಿ.

ಒಪ್ಪುವುದಿಲ್ಲ ಅಂತ ಬರೆದೆ. ತಿರುಗಿ ಉತ್ತರ ಬಂತು. ಫೋಟೋ ಬದಲಾಯಿಸಬೇಡಿ ಅಂತ ನಿಮ್ಮ ಅತ್ತೆ ಮೊದಲೇ ಹೇಳಿರಲಿಲ್ಲ, ಆದ್ದರಿಂದ ಒಪ್ಪಿದ್ದಾರೆ ಅಂತ ತಿಳಿದೆವು ಅಂತ. ನನಗೆ ಮೈಯೆಲ್ಲ ಉರಿಯಿತು. ಸುಮ್ಮನಿದ್ದರೆ ಒಪ್ಪಿದ ಹಾಗಲ್ಲ ಅಂತ ನನಗೆ ಬರುವ ಇಂಗ್ಲಿಷಿನಲ್ಲಿ ಬರೆದೆ. ಒಬ್ಬರ ವಿವರ ಬಳಸಲು ಅವರನ್ನು ಕೇಳಬೇಕು ಅಂತ ನಮ್ಮ ದೇಶದಲ್ಲೂ ಕಾಯ್ದೆ ಆಗಿದೆಯಲ್ಲ, ಅದನ್ನೂ ಓದಿ ತಿಳಿದಷ್ಟು ಸೇರಿಸಿದೆ. ಅದನ್ನು ಹೊನ್ನವಳ್ಳಿಗೆ ಹೋಗಿ ಬಾಗಿಲಾಚೆ ನಿಂತು ಗಟ್ಟಿಯಾಗಿ ಕನ್ನಡದಲ್ಲಿ ಓದಿದೆ, ಒಳಗಿದ್ದವರಿಗೆ ಕೇಳಲಿ ಅಂತ. ಕಾಫಿ ಬಂತು. ಮಾತು ಬರಲಿಲ್ಲ.

ಕಾದೆವು. ಶೆಡ್ಡಿನ ಹೆಂಗಸರು ಕೊಬ್ಬರಿ ಒಡೆಯುವ ಕೂಲಿಗೆ ಹೋದರು. ಒಬ್ಬಳೂ ನನ್ನನ್ನು ಬೈಯಲಿಲ್ಲ, ಅವರೂ ಅಂಗಿ ತೊಟ್ಟೇ ಕೆಲಸಕ್ಕೆ ಬರುವವರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೊನ್ನೆ ಯೋಗಿತಾ ಫೋನ್ ಮಾಡಿದಳು. ಕಂಪನಿ ಒಪ್ಪಿದೆ, ಇದ್ದ ಫೋಟೋ ಇದ್ದ ಹಾಗೇ ಹಾಕುತ್ತಾರೆ, ಸಮುದ್ರವೂ ಹೋಗಿದೆ. ಈ ಸಲ ಮೀಟಿಂಗಿನಲ್ಲಿ ಅವಳು ಅಮ್ಮನ ವಿಷಯ ಹೇಳಿದಳಂತೆ. ಒಂದು ತೊಡಕು ಮಾತ್ರ ಉಳಿದಿತ್ತು. ಫೋಟೋದಲ್ಲಿರುವ ಅಂಗಿ ಬೇರೆ ಯಾವ ಕಂಪನಿಯದಾದರೂ ವ್ಯಾಜ್ಯ ಬರುತ್ತದೆ ಅಂತ ಅವರ ವಕೀಲರು ಹೆದರಿದ್ದಾರೆ. ಅಂಗಿ ಯಾರದು ಅಂತ ಬರೆಯಬೇಕು, ಅದರ ಒಡೆಯರ ಒಪ್ಪಿಗೆ ಇದೆ ಅಂತ ಗುರುತು ಹಾಕಬೇಕು.

ಅಂದೇ ಹೊನ್ನವಳ್ಳಿಗೆ ಹೋದೆ. ಅತ್ತೆ ಫೋಟೋ ನೋಡಿದರು. ಕಾಲರ್ ನೋಡಿದರು, ಮಣಿಕಟ್ಟು ನೋಡಿದರು. ಸದ್ಯ ಅಂದರು. ಅಂಗಿ ಯಾರದು ಅಂತ ಬರೆಯಲಿ ಅಂತ ಕೇಳಿದೆ. ನಿಮ್ಮ ಹೆಸರನ್ನು ಅವರು ಯಾವತ್ತೂ ಬಾಯಲ್ಲಿ ಹೇಳಿದವರಲ್ಲ. ನಮ್ಮನೆಯವ್ರುದು ಅಂತ ಬರಿ ಅಂದರು. ನಾನು ವೆಂಕಟಯ್ಯ ಅಂತ ಬರೆದು ಓದಿದೆ. ಇನ್ನೊಂದ್ಸಲ ಓದು ಅಂದರು. ಓದಿದೆ. ಇನ್ನು ಆ ಲಾಟಿನ ಅಂಗಿ ಕೊಂಡವರು ಯಾರೇ ಕೋಡ್ ನೋಡಿದರೂ ನಿಮ್ಮ ಹೆಸರು ಕಾಣುತ್ತದೆ.

ಉಳಿದದ್ದು ಒಪ್ಪಿಗೆಯ ಗುರುತು. ಅದನ್ನು ನಾನು ಸುಮ್ಮನೆ ಒತ್ತಲು ಹೋದೆ. ಅತ್ತೆ ಕೈ ಹಿಡಿದರು.

"ಅವ್ರನ್ನ ಕೇಳ್ದಾ?"

ಅತ್ತೆ, ಮಾವ ಎಲ್ಲಿದ್ದಾರೆ ಕೇಳೋಕೆ, ಹೋದವರು ಏನು ಹೇಳುತ್ತಾರೆ, ಸುಮ್ಮನಿರುತ್ತಾರೆ ಅಷ್ಟೇ ಅಂದೆ.

"ಸುಮ್ನಿದ್ರೆ ಒಪ್ದಂಗಲ್ಲ ಅಂತ ಬರ್ದೋಳು ನೀನೇ ಅಲ್ವೇನೇ?"

ನಾನು ಮೊಬೈಲ್ ಕೆಳಗಿಟ್ಟೆ. ಅತ್ತೆ ಎದ್ದು ಒಳಗೆ ಹೋದರು. ಅಂಗಿಯನ್ನು ಮೊಳೆಯಿಂದ ತೆಗೆದು ತೊಟ್ಟುಕೊಂಡು ಬಂದು ನಿಮ್ಮ ಫೋಟೋದ ಎದುರು ನಿಂತರು. ಸ್ವಲ್ಪ ಹೊತ್ತು ಬಿಟ್ಟು ಬಂದು ನನ್ನ ಪಕ್ಕ ಕೂತರು.

"ನಲವತ್ತು ವರ್ಷ ಬಾಳ್ವೆ ಮಾಡೀನಿ. ಅವ್ರು ಬ್ಯಾಡ ಅಂತ ಸುಮ್ನಿರೋದು ಯಾವ್ದು, ಆಗ್ಲಿ ಅಂತ ಸುಮ್ನಿರೋದು ಯಾವ್ದು, ನಂಗೊತ್ತು. ಇದು ಆಗ್ಲಿ ಅಂತ ಕಣೇ. ಒತ್ತು."

ಒತ್ತಿದೆ.

ನಾಳೆ ಲಾಟು ಬೆಂಗಳೂರಿಗೆ ಹೋಗುತ್ತದೆ, ಹೆಂಗಸರು ಶೆಡ್ಡಿಗೆ ವಾಪಸ್ಸು ಬರುತ್ತಾರೆ. ಅತ್ತೆ ನಿಮ್ಮನ್ನು ತಪ್ಪು ತಿಳಿದಿದ್ದರೆ ಅವರ ಕನಸಿಗೇ ಹೋಗಿ ಜಗಳ ಮಾಡಿ. ನನ್ನ ಕನಸಿಗೆ ಬರಬೇಡಿ, ನಾನು ಅವರು ಹೇಳಿದ್ದನ್ನಷ್ಟೇ ಮಾಡಿದವಳು. ಮಾಡುವುದಾದರೆ ಬೇಗ ಹೋಗಿ ಮಾವ. ಅವರು ಕಾಯುತ್ತಿರುತ್ತಾರೆ.

ನೀವಿದ್ದಲ್ಲಿ ನಿಮಗೆ ನೆಮ್ಮದಿ ಇರಲಿ, ನಮ್ಮೆಲ್ಲರ ತಲೆಯ ಮೇಲೆ ನಿಮ್ಮ ಕೈ ಇರಲಿ ಎಂದು ಕೇಳಿಕೊಳ್ಳುವ

ನಿಮ್ಮ ಮಗಳಂಥ ಸೊಸೆ,
ಮಂಗಳಾ