ನಿಂತು ಕೆಟ್ಟ ಗಾಡಿ

ನವೆಂಬರ್ 4, 2025. ಮಂಗಳವಾರ. ಮುಂಜಾನೆ 7:20

ಮೀಟರ್ 41,306. ನಿನ್ನೆನೂ ಅಷ್ಟ. ಮೊನ್ನೆನೂ ಅಷ್ಟ.

ಕವರ್ ತಗದೆ. ಒರಸಿದೆ. ಸ್ಟಾರ್ಟ್ ಮಾಡಿ ಹದಿನೈದು ಮಿನಿಟ್ ಬಿಟ್ಟೆ. ಸಪ್ಪಳನ ಇಲ್ಲ, ಹೊಸಾದಿದ್ದಾಗ ಹೆಂಗಿತ್ತೊ ಹಂಗ. ಜರ್ಮನ್ ಗಾಡಿ, ಹದಿನೆಂಟು ವರ್ಷದ್ದು. ನನ್ನನ್ನ ಗಾಡಿ ಜೋಡೀನ ಡ್ರೈವರ್ ಕೆಲಸಕ್ಕ ಇಟ್ಕೊಂಡಿದ್ರು ರಾವಸಾಹೇಬ್ರು. ಅವ್ರು ಇದ್ದಾಗೂ ಭಾಳ ಓಡಿದ್ದಿಲ್ಲ. ಮದವಿ, ಫ್ಯಾಕ್ಟರಿ ಮೀಟಿಂಗು, ಕೊಲ್ಲಾಪುರ. ಅವ್ರು ಹೋಗಿ ಮೂರು ವರ್ಷಾತು. ಈಗ ಅಮಾಸಿಗೊಮ್ಮೆ ಅಷ್ಟ — ಅವ್ರ ಹೆಂಡ್ತಿ ರುಕ್ಮವ್ವಾರನ್ನ ಯಡೂರಿಗೆ, ವೀರಭದ್ರ ದೇವ್ರಿಗೆ. ವಾಪಸ್ ಏಕಸಂಬಿಗೆ. ಮತ್ತ ಕವರ್.

ಇವತ್ತ ಅಂಗಳದಾಗ ಹಿಂದ ಮುಂದ ಮಾಡುವಾಗ ಬ್ರೇಕ್ ಮ್ಯಾಲ ಕಾಲ್ ಇಟ್ಟು ನಿಂತೆ. ಪೆಡಲ್ ಸಾವಕಾಶ ಇಳೀತು. ಕೆಸರಾಗ ಕಾಲ್ ಹುಗದಂಗ. ತಳಮಟ.

ನವೆಂಬರ್ 6. ಗುರುವಾರ

ಚಿಕ್ಕೋಡಿಯಿಂದ ಸತ್ತೆಪ್ಪ ಮೇಸ್ತ್ರಿನ್ನ ಕರಿಸಿದೆ. ಬಾನೆಟ್ ಒಳಗ ತಲಿ ಹಾಕಿ ಭಾಳೊತ್ತು ನೋಡಿದ.

"ಬ್ರೇಕಿನ ಮಾಸ್ಟರ್ ಸಿಲಿಂಡರ್ ಹೋಗೈತಿ. ಒಳಗಿನ ರಬ್ಬರ್ ಎಲ್ಲಾ ಒಣಗ್ಯಾವ."

"ಬರೇ ನಲವತ್ತೊಂದು ಸಾವಿರ ಓಡೈತಲ್ಲೊ!"

"ಅದಕ್ಕ ಕೆಟ್ಟೈತಿ. ಓಡಿದ ಗಾಡಿ ಸವೀತೈತಿ, ನಿಂತ ಗಾಡಿ ಕೊಳೀತೈತಿ. ಟಾಯರ್ ನೋಡು — ನಕ್ಷಿ ಹೊಸಾದು, ಬಾಜೂಕ ಎಲ್ಲಾ ಸೀಳು."

ಸಾಮಾನು ಪುಣೆಯಿಂದ ತರಿಸಬೇಕಂತ. ತನ್ನ ಕೈಲೆ ಆಗಂಗಿಲ್ಲಂತ, ಕೊಲ್ಲಾಪುರಕ್ಕ ಒಯ್ಯಬೇಕಂತ. ಹೋಗುವಾಗ ಅಂದ, "ಅಲ್ಲೀತನ ಗೇಟ್ ದಾಟಿಸಬ್ಯಾಡ, ಜ್ಞಾನದೇವ."

ನವೆಂಬರ್ 9. ರವಿವಾರ

ಸಣ್ಣ ಸಾವ್ಕಾರ್ರು, ಅವ್ವಾರ ಮಗ ಸಂಗ್ರಾಮ, ದ್ರಾಕ್ಷಿ ತ್ವಾಟದಿಂದ ಬಂದ ಮ್ಯಾಲ ಹೇಳಿದೆ. ತಾವ ಕುಂತು ಜೋರ್‍ಲೆ ಒಂದು ಒತ್ತು ಒತ್ತಿದ್ರು. ಪೆಡಲ್ ಗಟ್ಟಿ ನಿಂತಿತು. ಈ ರೋಗಾನ ಹಂಗ. ಝಟ್ಟನ ಒತ್ತಿದ್ರ ಕಾಣಂಗಿಲ್ಲ, ಮೆತ್ತಗ ಒತ್ತಿ ಹಿಡಿದ್ರ ಇಳೀತೈತಿ.

"ಛಲೋ ಐತಲ್ಲ?"

"ಹಂಗಲ್ರಿ, ಸಾವಕಾಶ ಒತ್ತಿ ನೋಡ್ರಿ..."

ಇಳದೇ ಬಿಟ್ರು. "ಮಾರೂ ಗಾಡಿಗೆ ಯಾರ್ ರೊಕ್ಕಾ ಹಾಕ್ತಾರ? ನಿಂಗ ವಯಸ್ಸಾತು, ಅಂಜಿಕಿ ಹೆಚ್ಚಾಗೈತಿ."

ಮಾರ್ತಾರಂತ ಇವತ್ತ ಗೊತ್ತಾತು. ಅವ್ವಾರಿಗೆ ಇನ್ನೂ ಗೊತ್ತಿಲ್ಲ.

ನವೆಂಬರ್ 15. ಶನಿವಾರ

ಅವ್ವಾರಿಗೆ ಹೇಳಿದೆ. ಬ್ರೇಕಿಂದು ಅಷ್ಟ. ಮಾರೂದು ಹೇಳಾಕ ಬಾಯಿ ಬರ್ಲಿಲ್ಲ.

"ಈ ಸಲ ಸಾವ್ಕಾರ್ರ ದೊಡ್ಡ ಗಾಡ್ಯಾಗ ಹೋಗೂಣ್ರಿ, ಅವ್ವಾರ."

"ಹಳೇ ಗಾಡಿ ನಿಮ್ಮ ಸಾಹೇಬ್ರದು, ಜ್ಞಾನದೇವ. ಅದ್ರಾಗ ಕುಂತ್ರ ಅವ್ರ ಜೋಡಿ ಹೋದಂಗ ಆಕ್ಕೈತಿ. ನೀ ಸಾವಕಾಶ ಹೊಡಿ. ನೀ ಇದ್ದಿ ಅಂದ್ರ ನಂಗೇನು ಅಂಜಿಕಿಲ್ಲ."

ಕಬ್ಬಿನ ಸೀಜನ್ನು. ರಸ್ತೆ ತುಂಬ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್. ನದಿ ಕಡೆ ಇಳಕಲ.

ನವೆಂಬರ್ 19. ಬುಧವಾರ. ಸಂಜೆ

ನಾಳೆ ಅಮಾಸಿ. ಕೈ ಮುಗದು ಹೇಳಿದೆ, ನಾ ಹೊಡಿಯಂಗಿಲ್ರಿ ಅಂತ. ಹದಿನೆಂಟು ವರ್ಷದಾಗ ಮೊದಲ್ನೇ ಸಲ ಆ ಮನ್ಯಾಗ ಇಲ್ಲ ಅಂದೀನಿ.

ಸಾವ್ಕಾರ್ರು ನಕ್ರು. "ಬ್ಯಾಡ ಬಿಡು. ನಾನ ಹೊಡಿತೀನಿ. ಕೀಲಿ ಕೊಡು."

ಕೊಟ್ಟೆ. ಕೊಡದ ಏನ್ ಮಾಡ್ಲಿ? ಗಾಡಿ ಅವ್ರದು, ತಾಯಿ ಅವ್ರದು.

ಕೀಲಿ ಕೊಡೂ ಮುಂಚೆ, ಕವರ್ ಹಾಕೂ ನೆವದಾಗ, ಪೆಟ್ರೋಲ್ ಪಂಪಿನ ಫ್ಯೂಜ್ ಕಿತ್ತು ಕಿಸೆದಾಗ ಹಾಕೊಂಡಿದ್ದೆ. ಮನೀಗೆ ಬಂದು ಹೆಂಡ್ತಿ ಸುಂದ್ರವ್ವಗ ಹೇಳಿದೆ. "ನೌಕ್ರಿ ಹೊಕ್ಕೈತಿ ನಿಮ್ಮದು" ಅಂದ್ಳು. ರೊಟ್ಟಿ ಹಾಕಿದ್ಳು.

ನವೆಂಬರ್ 20. ಗುರುವಾರ. ಅಮಾಸಿ

ಇಂಜಿನ್ ಒಮ್ಮೆ ಹತ್ತಿ ಆರಿತು. ಆಮ್ಯಾಲ ಬರೇ ಗಿರಗಿರ. ಸಾವ್ಕಾರ್ರು ಹತ್ತು ಸಲ ನೋಡಿದ್ರು. ಅವ್ವಾರು ಹಸರ ಸೀರಿ ಉಟ್ಟು, ಕಾಯಿ ಬುಟ್ಟಿ ತೊಡಿ ಮ್ಯಾಲ ಇಟ್ಕೊಂಡು ಹಿಂದಿನ ಸೀಟಿನ್ಯಾಗ ಕುಂತಿದ್ರು. ಅರ್ಧಾ ತಾಸು. ಮಗನ ದೊಡ್ಡ ಗಾಡ್ಯಾಗ ಹೋಗಾಕ ಒಲ್ಲೆ ಅಂದ್ರು. ಇಳದು ಒಳಗ ಹ್ವಾದ್ರು. ಇಳಿಯುವಾಗ ಗಾಡಿ ಬಾಗಲ ಸಪ್ಪಳಿಲ್ದಂಗ ಹಾಕಿದ್ರು, ರಾವಸಾಹೇಬ್ರು ಕಲಿಸಿದಂಗ.

ಸಾವ್ಕಾರ್ರು ಅಲ್ಲೇ ನಿಂತು ಕೊಲ್ಲಾಪುರದ ದಲ್ಲಾಳಿಗೆ ಫೋನ್ ಹಚ್ಚಿದ್ರು. "ಸತ್ತೈತಿ. ಬಂದು ಒಯ್ರಿ."

ನಾ ಹಿಂಗ ಆಗ್ಲಿ ಅಂತ ಮಾಡಿದ್ದಲ್ಲ... ಒಂದು ಅಮಾಸಿ ತಪ್ಪಿದ್ರ ಸಾಕಾಗಿತ್ತು.

ನವೆಂಬರ್ 24. ಸೋಮವಾರ

ದಲ್ಲಾಳಿ ಬಂದ. ಜೋಡಿ ಒಬ್ಬ ಮೇಸ್ತ್ರಿ. ಫ್ಯೂಜ್ ಡಬ್ಬಿ ತಗದು ಎರಡು ಮಿನಿಟಿನ್ಯಾಗ ಹಿಡದಾ. "ಯಾರೋ ಬೇಕಂತ್ಲೇ ತಗದಾರ್ರಿ." ತನ್ನದೊಂದು ಹಾಕಿದ. ಇಂಜಿನ್ ಎದ್ದು ಕುಂತಿತು.

ಎಲ್ಲಾರೂ ನನ್ನ ಕಡೆ ನೋಡಿದ್ರು.

"ನಾನ ತಗದೀನ್ರಿ. ಬ್ರೇಕ್ ಇಲ್ರಿ ಅದಕ್ಕ. ಹೊಡಕೊಂಡು ಹೋಗಬ್ಯಾಡ್ರಿ."

"ಗಿರಾಕಿ ಮುಂದ ಸುಳ್ಳ ಹೇಳ್ತಿಯೇನಲೇ?" ಸಾವ್ಕಾರ್ರು ಒದರಿದ್ರು. "ಇದ ಮನ್ಯಾಗ ಉಂಡು ಇದ ಮನಿ ಗಾಡಿ ಕೆಡಸ್ತಿ? ನಿಮ್ಮನ್ನ ಎಲ್ಲಿಡಬೇಕೊ ಅಲ್ಲೇ ಇಡಬೇಕಾಗಿತ್ತು."

ನಿಮ್ಮನ್ನ ಅಂದ್ರು. ನಿನ್ನ ಅನಲಿಲ್ಲ. ಹದಿನೆಂಟು ವರ್ಷ ಆ ಮನ್ಯಾಗ ನನ್ನ ಚಾದ ಕಪ್ ಬ್ಯಾರೆ ಇತ್ತು, ಕಿಡಕಿ ಮ್ಯಾಲ. ನಾ ಅದನ್ನ ನೋಡೇ ಇಲ್ಲ ಅನ್ನೂಹಂಗ ಕುಡದೀನಿ.

ಮೇಸ್ತ್ರಿ ಸೀಟಿನ್ಯಾಗ ಕುಂತು ಮೆತ್ತಗ ಪೆಡಲ್ ಒತ್ತಿ ಹಿಡದಾ. ತಳಮಟ ಹೋತು. ಮತ್ತೊಮ್ಮೆ ಒತ್ತಿದ. ಇಳದು ದಲ್ಲಾಳಿಗೆ ಮರಾಠಿಯಾಗ ಏನೋ ಅಂದ. ಟ್ರಕ್ ತರಿಸಿ ಗಾಡಿ ಹೇರಿಕೊಂಡು ಹ್ವಾದ್ರು.

ಅವ್ವಾರು ಬಾಗಲಾಗ ಕಂಬ ಹಿಡಕೊಂಡು ನಿಂತಿದ್ರು, ಮೊದಲಿಂದ ಕಡೀತನ. ನಾ ಅವ್ರ ಮಾರಿ ನೋಡ್ಲಿಲ್ಲ. ನಾಳಿಂದ ಬರಬ್ಯಾಡ ಅಂತ ಸಾವ್ಕಾರ್ರು ಹೇಳಿದ್ರು. ಹೇಳೂದ ಬೇಕಿದ್ದಿಲ್ಲ. ಗಾಡೀನ ಇಲ್ಲ.

ಡಿಸೆಂಬರ್ 7. ರವಿವಾರ

ಹದಿಮೂರು ದಿನ ಏನೂ ಬರದಿಲ್ಲ. ಮೀಟರ್ ಬರೆಯೂ ಜಾಗಾದಾಗ ಏನ್ ಬರೀಬೇಕು?

ನಿನ್ನೆ ಡಿಸೆಂಬರ್ ಆರು, ಬಾಬಾಸಾಹೇಬ್ ಅಂಬೇಡ್ಕರ್ ತೀರಿಹೋದ ದಿನ. ಬುದ್ಧ ವಿಹಾರಕ್ಕ ಹೋಗಿ ಮೇಣಬತ್ತಿ ಹಚ್ಚಿ ಬಂದೆ. ಸುಂದ್ರವ್ವ ಕಬ್ಬಿನ ಕೆಲಸಕ್ಕ ಹೊಂಟಾಳ. ಮುಂಜಾನೆ ಏಳಕ್ಕ ಎಚ್ಚರ ಆಕ್ಕೈತಿ. ಒರಸಾಕ ಏನೂ ಇಲ್ಲ.

ಡಿಸೆಂಬರ್ 18. ಗುರುವಾರ

ಅವ್ವಾರ ಫೋನ್ ಬಂತು. "ನಾಳೆ ಎಂಟಕ್ಕ ಬಸ್ ಸ್ಟ್ಯಾಂಡಿಗೆ ಬಾ." ಅಷ್ಟ. ಇಟ್ಟ ಬಿಟ್ರು.

ಡಿಸೆಂಬರ್ 19. ಶುಕ್ರವಾರ. ಅಮಾಸಿ

ಬುಟ್ಟಿ ಹಿಡಕೊಂಡು ಒಬ್ರ ನಿಂತಿದ್ರು. ಹತ್ತಿಸಿದೆ. ಕಿಡಕಿ ಕಡೆ ಸೀಟ್ ಸಿಕ್ಕಿತು. ನಾ ಬಾಜೂಕ ಕಂಬ ಹಿಡಕೊಂಡು ನಿಂತೆ.

"ಕುಂದ್ರೊ."

"ಇರ್ಲಿ ಬಿಡ್ರಿ, ಅವ್ವಾರ."

"ಹದಿನೆಂಟು ವರ್ಷ ನಿನ್ನ ಬೆನ್ನ ನೋಡೀನಿ. ಕುಂದ್ರು."

ಕುಂತೆ. ಸೀಟಿನ ತುದಿಗೆ. ಅರ್ಧಾ ಹೊರಗ.

ಊರ್ ದಾಟಿದ ಮ್ಯಾಲ ಅಂದ್ರು, "ನೀ ಹೇಳಿದ್ದಿ. ನಾ ಕೇಳ್ಲಿಲ್ಲ. ಅವ ನಿನ್ನ ಬೈಯುವಾಗ ಬಾಗಲಾಗೇ ನಿಂತಿದ್ದೆ. ಎಲ್ಲಾ ಕೇಳಸ್ತು. ಬಾಯಿ ಬಿಡ್ಲಿಲ್ಲ. ನಾನೂ ಅವನ ಮನ್ಯಾಗ ಇರಬೇಕಲ್ಲೊ, ಜ್ಞಾನದೇವ..."

ಕಣ್ಣೀರ್ ಒರಸ್ಕೊಳ್ಳಿಲ್ಲ. ಹಂಗ ಬಿಟ್ರು. ಕಂಡಕ್ಟರ್ ಬಂದು ನಿಂತ. ಅವ್ವಾರು ಆಧಾರ್ ಕಾರ್ಡ್ ತೋರಿಸಿದ್ರು. ನಾ ನನ್ನ ಟಿಕೇಟ್ ತಗದೆ. ಆಮ್ಯಾಲ ಯಡೂರು ಬರೂತನ ಇಬ್ರೂ ಒಂದ ಸೀಟಿನ್ಯಾಗ ಕುಂತು ಹ್ವಾದ್ವಿ.